ಉರಿಯಿಲ್ಲದ ಒಲೆ

ರೊಟ್ಟಿ ಉಬ್ಬುತ್ತವೆಯೇ ಎಂದು ಅವ್ವ ಅಂಗಡಿಯಲ್ಲೇ ಕೇಳಿದಳೋ, ಆಮೇಲೆ ನಾನೇ ಆ ಮಾತನ್ನು ಅವಳ ಬಾಯಿಗಿಟ್ಟೆನೋ, ಖಾತ್ರಿಯಿಲ್ಲ. ಅಂಗಡಿ ಶಹಾಪುರದ ಬಸ್ ಸ್ಟ್ಯಾಂಡಿನ ಹತ್ತಿರದ್ದು ಎಂದು ಬರೆಯುತ್ತಿದ್ದೇನೆ; ಅದೂ ತಪ್ಪಿರಬಹುದು. ಇಂಡಕ್ಷನ್ ಒಲೆ ಕೊಳ್ಳಲು ಅಣ್ಣ ನಮ್ಮಿಬ್ಬರನ್ನೂ ಯಾದಗಿರಿಯಿಂದ ಕರೆದೊಯ್ದಿದ್ದ. ಅಂಗಡಿಯವನು ಪಾತ್ರೆಯಲ್ಲಿ ನೀರಿಟ್ಟು ಗುಂಡಿ ಒತ್ತಿದ. ನೋಡುತ್ತಿದ್ದಂತೆ ಕುದಿಯಿತು.

"ಇದರ ಮ್ಯಾಲ ರೊಟ್ಟಿ ಉಬ್ಬತಾವೇನ್ರಿ?" ಅಂದಳು ಅವ್ವ.

"ಎಲ್ಲಾ ಆಗ್ತದ್ರಿ ಅವ್ವಾರ. ಚಹಾ, ಅನ್ನ, ಬ್ಯಾಳಿ..."

"ನಾ ರೊಟ್ಟಿ ಕೇಳಿದೆ."

ಅಣ್ಣ ನಕ್ಕ. "ನಮ್ಮವ್ವ ಬಿಸಿಲಾಗಿನ ಕಲ್ಲಿನ ಮ್ಯಾಲೂ ರೊಟ್ಟಿ ಸುಡತಾಳ್ರಿ. ನೀವು ಕಟ್ರಿ."

ಗ್ಯಾಸಿಗಿಂತ ಇದು ಅಗ್ಗ ಎಂಬ ಅಣ್ಣನ ಲೆಕ್ಕಾಚಾರ ಸುಳ್ಳಲ್ಲ. ಗ್ಯಾಸಿನ ಅರ್ಧ ಕಾವು ಪಾತ್ರೆಯ ಪಕ್ಕದಿಂದಲೇ ಸೋರಿಹೋಗುತ್ತದೆ, ಇಂಡಕ್ಷನ್ನಿನಲ್ಲಿ ನೇರ ತಳಕ್ಕೆ ತಾಗುತ್ತದೆ. ಚಹಾ, ಅನ್ನ ಮಾಡಿಕೊಳ್ಳುವ ಮನೆಗೆ ಅದೇ ಸರಿ. ನಮ್ಮಲ್ಲಿ ಎರಡೂ ಹೊತ್ತು ಜೋಳದ ರೊಟ್ಟಿ. ಅವ್ವ ರೊಟ್ಟಿಯನ್ನು ಹಂಚಿನಿಂದ ಇಳಿಸಿ ಉರಿಗೆ ಹಿಡಿದು ಉಬ್ಬಿಸುವವಳು. ಆ ಒಲೆಯಲ್ಲಿ ಉರಿಯೇ ಇಲ್ಲ. ತಳ ಬಾಗಿದ ಅವಳ ಕಬ್ಬಿಣದ ಹಂಚನ್ನು ಅದು ಗುರುತೇ ಹಿಡಿಯಲಿಲ್ಲ, ಕೂಗಿ ಆರಿಹೋಯಿತು. ಚಪ್ಪಟೆ ಹಂಚು ತಂದದ್ದಾಯಿತು. ರೊಟ್ಟಿ ಬೆಂದವು, ಉಬ್ಬಲಿಲ್ಲ. ತಿನ್ನುವಾಗ ರಟ್ಟು ಅಗಿದಂತೆ.

ಅಷ್ಟರಲ್ಲಿ ಅಣ್ಣ ಹಳೆಯ ಗ್ಯಾಸ್ ಒಲೆಯನ್ನು, ಸಿಲಿಂಡರ್ ಸಮೇತ, ಸುರಪುರದ ತನ್ನ ಅತ್ತೆಯ ಮನೆಗೆ ಕೊಟ್ಟಾಗಿತ್ತು. ಬೀಗರಿಗೆ ಕೊಟ್ಟದ್ದನ್ನು ತಿರುಗಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಹೊಸದು ತರೋಣವೆಂದರೂ ಅಣ್ಣ ಒಪ್ಪಲಿಲ್ಲ: "ಕೊಟ್ಟು ಹೊಟ್ಟಿ ಉರ್ಕೊಂಡಾರ ಅಂತಾರ."

ಬೇಸಿಗೆಯಲ್ಲಿ ಅತ್ತಿಗೆಯನ್ನು ಕರೆತರಲು ಸುರಪುರಕ್ಕೆ ಹೋದೆವು. ಅತ್ತಿಗೆಯ ತಾಯಿ ಅದೇ ಒಲೆಯ ಮೇಲಿಂದ ಬಿಸಿ ರೊಟ್ಟಿ ತಂದು ಅವ್ವನ ತಾಟಿಗೆ ಹಾಕಿದರು. ಬುರುಬುರು ಉಬ್ಬಿತ್ತು.

"ನಿಮ್ಮ ಒಲಿ ಭಾರಿ ಛಲೋ ಅದ್ರಿ ಬೀಗತಿ. ನಿಮ್ಮ ಮಗ ದೊಡ್ಡ ಮನಸ್ಸು ಮಾಡಿ ಕೊಟ್ಟಾನ."

"ಕೊಡ್ಲಿ ಬಿಡ್ರಿ," ಅಂದಳು ಅವ್ವ. "ಅವಂದೇನು ಹೋತು?"

ಅಣ್ಣ ತಲೆಯೆತ್ತದೆ ಉಂಡ. ಅವ್ವ ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದಳು.

ಊರಿಗೆ ಬಂದ ಮೇಲೆ ಅವಳು ಹಿಟ್ಟಿಗೆ ಕೈಹಾಕಲಿಲ್ಲ. ಈಗ ಓಣಿಯಲ್ಲಿ ರೊಟ್ಟಿ ಮಾರುವವಳ ಹತ್ತಿರ ತರುತ್ತೇವೆ. ಅವು ತಣ್ಣಗಿರುತ್ತವೆ, ಅವ್ವ ಸಾರಿನಲ್ಲಿ ಅದ್ದಿಕೊಂಡು ಉಣ್ಣುತ್ತಾಳೆ. ಅಡುಗೆಮನೆ ಅತ್ತಿಗೆಯದು. ಕರೆಂಟ್ ಬಿಲ್ಲು ಬಂದಾಗ, ಎಷ್ಟು ಉಳಿಯಿತು ನೋಡು ಎಂದು ಅಣ್ಣ ಅದನ್ನು ನನಗೆ ತೋರಿಸುತ್ತಾನೆ, ಅವ್ವನಿಗೆ ತೋರಿಸುವುದಿಲ್ಲ. ಒಮ್ಮೆ ಅವನೇ ಕೇಳಿದ: "ಗ್ಯಾಸಿನ ಒಲಿ ತರ್ಲೇನವ್ವಾ?"

"ಬ್ಯಾಡೋ ಯಪ್ಪಾ. ಮಣಿಕಟ್ಟು ನೋಯ್ತದ. ಇನ್ನ ರೊಟ್ಟಿ ಬಡಿಯೂದು ಆಗಂಗಿಲ್ಲ."

ಅವಳ ಮಣಿಕಟ್ಟು ನಿಜಕ್ಕೂ ನೋಯುತ್ತಿತ್ತೇ, ನನಗೆ ಗೊತ್ತಿಲ್ಲ.