ಆಡಿ ಬಂದ ಕೂಸು ರೊಟ್ಟಿ ಬೇಡತೈತಿ

ನಮ್ಮ ಇತಿಹಾಸದ ಸರ್ ಅವರ ಎರಡೂ ಕಿವಿಗಳು ಒಣಗಿದ ಅಂಜೂರದ ಹಾಗೆ ಮುದುಡಿ ಗಂಟು ಕಟ್ಟಿದ್ದವು. ಮೊದಲ ದಿನ ಅವರು ಹಾಜರಿ ಕೂಗುವಾಗ ಇಡೀ ತರಗತಿ ಆ ಕಿವಿಗಳನ್ನೇ ನೋಡುತ್ತಿತ್ತು. ಅವರು ಪುಸ್ತಕ ಮುಚ್ಚಿದರು. "ನೋಡಿ ಮುಗೀತೇನ್ರಿ? ಹುಟ್ಟಿದಾಗ ಇವು ನಿಮ್ಮ ಕಿವಿ ಗತೆನ ಇದ್ದವು. ಗರಡ್ಯಾಗ ತಿಕ್ಕಿ ತಿಕ್ಕಿ ಹಿಂಗಾದವು. ಈಗ ಮೌರ್ಯರ ಕಡೆ ನೋಡ್ರಿ," ಎಂದರು.

ಮುಧೋಳ ತಾಲೂಕಿನ ಹಳ್ಳಿಯವರು. ಜಮಖಂಡಿಯ ನಮ್ಮ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ಚರ್ಚಾ ತಂಡವನ್ನೂ ತಯಾರು ಮಾಡುತ್ತಿದ್ದರು. ಒಳ್ಳೆಯ ವಾದ ಕಿವಿಗೆ ಬಿದ್ದರೆ ಶಭಾಷ್ ಎನ್ನುವ ಅಭ್ಯಾಸವಿರಲಿಲ್ಲ; ಅಖಾಡಕ್ಕೆ ಇಳಿದವರ ಹಾಗೆ ತೊಡೆ ತಟ್ಟುತ್ತಿದ್ದರು. ಪ್ರಾಚಾರ್ಯರ ಎದುರಲ್ಲೂ ಹೀಗೆ ಮಾಡಿ ಸ್ಟಾಫ್ ರೂಮಿನಲ್ಲಿ ಮುಜುಗರ ತಂದಿದ್ದುಂಟು.

ತರಬೇತಿಯಲ್ಲಿ ಅವರದು ಒಂದೇ ನಿಯಮ. ಖಂಡಿಸುವ ಮೊದಲು ಎದುರಾಳಿಯ ಮಾತನ್ನು ನಾವೇ ಹೇಳಬೇಕು. ಅವನು "ಹೌದು, ನಾ ಅನ್ನೂದು ಇದನ್ನ" ಎಂದು ಒಪ್ಪುವವರೆಗೂ ಹೇಳುತ್ತಲೇ ಇರಬೇಕು. ಆಮೇಲೆ ಬೇಕಾದರೆ ಹೊಡೆದುಹಾಕು. ತಂಡದಲ್ಲಿ ಹೆಚ್ಚು ಬಹುಮಾನ ತಂದವಳು ನಾನು, ಈ ನಿಯಮವನ್ನು ಹೆಚ್ಚು ಮುರಿದವಳೂ ನಾನೇ. "ಯವ್ವಾ ವಕೀಲ್ರ, ನೀ ಮಂದೀ ಬಾಯಿ ಮುಚ್ಚಸ್ತಿ, ಒಪ್ಪಸಂಗಿಲ್ಲ," ಎನ್ನುತ್ತಿದ್ದರು. ಬಹುಮಾನ ಕೊಡುವವರು ಒಪ್ಪಿದರೆ ಸಾಕಲ್ಲ ಎನ್ನುತ್ತಿದ್ದೆ.

ಅವರ ಹುಚ್ಚು ಬರಗಾಲಗಳ ಇತಿಹಾಸ. ಮದುವೆಯ ಊಟ, ಪರೀಕ್ಷೆಯ ಭಯ, ನೌಕರರ ಮುಷ್ಕರ, ಯಾವುದನ್ನು ಕೆದಕಿದರೂ ಅಡಿಯಲ್ಲಿ ಅವರಿಗೆ ಹಸಿವೇ ಕಾಣುತ್ತಿತ್ತು. ಇದು ಇತಿಹಾಸಕಾರನಿಗೆ ಒಳ್ಳೆಯ ರೋಗವಲ್ಲ ಎಂದು ನಾನು ಆಗಲೂ ಅಂದುಕೊಂಡಿದ್ದೆ.

ಒಂದು ವರ್ಷ ಅಭ್ಯಾಸಕ್ಕೆ ಚೀನಾದ ವಿಷಯ ಕೊಟ್ಟರು: ಅಲ್ಲಿ ಓದುವ ಮಕ್ಕಳ ಆಟೋಟವನ್ನು ಕೀಳಾಗಿ ಕಂಡದ್ದಕ್ಕೆ ಬರಗಾಲವೇ ಕಾರಣ. ಪರ ವಹಿಸಿದ್ದು ಅವರೇ. ಅಲ್ಲಿನ ಹಳೆಯ ಪಂಡಿತರು ತಾವು ದುಡಿಯುವವರಲ್ಲ ಎಂದು ತೋರಿಸಲು ಉಗುರು ಉದ್ದ ಬಿಡುತ್ತಿದ್ದರಂತೆ; ಬೆವರು ಕೂಲಿಯವನ ಗುರುತು. ಆ ಜಂಬದ ಕೆಳಗೆ ಹೆದರಿಕೆಯಿತ್ತು ಎಂದು ಅವರ ವಾದ. ಮತ್ತೆ ಮತ್ತೆ ಬರ ಬೀಳುವ ನಾಡಿನಲ್ಲಿ ಪರೀಕ್ಷೆ ಪಾಸಾದವನ ಮನೆಗೆ ಅನ್ನ ಖಾತ್ರಿ, ಚೆಂಡು ಒದ್ದವನ ಮನೆಗೆ ಅಲ್ಲ. ಕಳೆದ ಶತಮಾನದ ನಡುವಿನ ಮಹಾಕ್ಷಾಮದಲ್ಲಂತೂ ಶಾಲೆಗಳಲ್ಲಿ ವ್ಯಾಯಾಮದ ಪಾಠ ಬಿಟ್ಟು, ಶಕ್ತಿ ಉಳಿಸಿಕೊಳ್ಳಿ ಎಂದು ಮಕ್ಕಳನ್ನು ಸುಮ್ಮನೆ ಕೂರಿಸಿದರು. ಕಣಜ ತುಂಬಿದ ಮೇಲೂ ಆ ನೆನಪು ಮನೆಮನೆಯಲ್ಲಿ ಉಳಿಯಿತು. ಕೈಕಾಲು ಬಲಿತವನ ತಲೆ ಖಾಲಿ ಎಂಬ ಅರ್ಥದ ಗಾದೆ ಅಲ್ಲಿ ಇಂದಿಗೂ ಇದೆ ಎಂದರು.

ನಾನು ಎದ್ದೆ. ನಮ್ಮ ಕಡೆ ಡೋಗಿ ಬರ ಬಿದ್ದಾಗ ಹೊಲದ ತುಂಬ ತಲೆಬುರುಡೆ ಬಿದ್ದಿದ್ದವು ಎನ್ನುತ್ತಾರೆ. ಹಾಗಿದ್ದೂ ಊರೂರಿಗೆ ಗರಡಿ ಮನೆ ಯಾಕಿದೆ? ಅದೇ ಚೀನಾದಲ್ಲಿ ಬಡವರು ಊಟ ಚೆನ್ನಾಗಿ ಸಿಗುತ್ತದೆಂದು ಮಕ್ಕಳನ್ನು ಕ್ರೀಡಾಶಾಲೆಗೆ ಕಳಿಸಿದ್ದೂ ಉಂಟಲ್ಲ? "ಹಸಿವಿನಿಂದ ಆಟ ನಿಂತಿತು ಅಂತೀರಿ. ಹಸಿವಿನಿಂದ ಆಟ ಬೆಳೀತು ಅಂತಲೂ ಆಗತೈತಿ. ಎಲ್ಲಾದಕ್ಕೂ ಹೊಂದೋ ಕಾರಣ ಕಾರಣನ ಅಲ್ಲರಿ ಸರ್."

ಸರ್ ತೊಡೆ ತಟ್ಟಿದರು. ಆಮೇಲೆ ಅಂದರು: "ನಾನೂ ಹಾಲಿನ ಆಸೇಕ್ಕ ಗರಡಿಗೆ ಹೋದಾಂವ. ಬ್ಯಾಡ ಅನ್ನಾಕೂ ಹೂಂ ಅನ್ನಾಕೂ ಹೊಟ್ಟೀನ ಕಾರಣ ಆಗಬಾರದೇನು?"

"ಆಗಬಹುದು. ಸಾಬೀತು ಮಾಡ್ರಿ."

ಮಾಡಲಿಲ್ಲ. ಗಂಟೆ ಹೊಡೆಯಿತು.

ಅದೇ ವರ್ಷ ನನ್ನ ತಂಗಿ ಸೈಕಲ್ ಓಟಕ್ಕಾಗಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾದಳು. ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗ ನಡೆಸುವವನು ಅಪ್ಪ, ಮನೆ ನಡೆಸುವವಳು ಆಯಿ, ಅಂದರೆ ಅಪ್ಪನ ತಾಯಿ. ಆಯಿ ಬ್ಯಾಡ ಅಂದಳು. ಆ ವಾರ ಒಪ್ಪಿಗೆ ತಿಳಿಸದಿದ್ದರೆ ಜಾಗ ಬೇರೆ ಹುಡುಗಿಗೆ ಹೋಗುತ್ತಿತ್ತು. ತಂಗಿ ಅಳುವವಳಲ್ಲ, ಸೈಕಲ್ಲನ್ನು ಅಟ್ಟದ ಕೆಳಗೆ ತಳ್ಳಿ ಮೇಲೆ ಗೋಣಿಚೀಲ ಹೊದಿಸಿಬಿಟ್ಟಳು. ನಾನು ಆಯಿಯ ಮುಂದೆ ಕ್ರೀಡಾ ಕೋಟಾ, ಹೆಣ್ಣುಮಕ್ಕಳ ಹಕ್ಕು ಎಲ್ಲ ಮಂಡಿಸಿದೆ. ಆಯಿ ನಡುವೆಯೇ ಎದ್ದು ದನಕ್ಕೆ ನೀರು ಕುಡಿಸಲು ಹೋದಳು. ಎದುರಾಳಿ ವೇದಿಕೆ ಬಿಟ್ಟು ಹೋದರೆ ಅಂಕ ಯಾರಿಗೆ ಎಂದು ಸರ್ ಅವರನ್ನು ಕೇಳಿದೆ. ಅವರು ನಗಲಿಲ್ಲ. ಮರುದಿನ ಸಂಜೆ ಮನೆಗೇ ಬಂದರು.

ನಮ್ಮಲ್ಲಿ ಕರೆಂಟ್ ಹೋಗಿ ಮಗ್ಗ ನಿಂತಾಗಲೇ ಮಾತು. ಅಂದು ಪುಣ್ಯಕ್ಕೆ ಹೋಗಿತ್ತು. ಸರ್ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು.

"ಆಯಿ, ನಿಮ್ಮ ಮಾತು ನಾ ಹೇಳತೇನಿ, ತಪ್ಪಿದ್ರ ತಿದ್ದರಿ. ಹೆಣ್ಣ ಕೂಸು ಚಡ್ಡಿ ಹಾಕ್ಕೊಂಡು ರಸ್ತೇದಾಗ ಸೈಕಲ್ ಹೊಡದ್ರ ಮಂದಿ ಏನಂದಾರು ಅಂತೀರಿ."

"ಮಂದಿ ಹೆಂಗಿದ್ರೂ ಅಂತಾರ ತಗೀರಿ ಮಾಸ್ತರ. ಅದಲ್ಲ."

"ಸಾಲಿ ಹಾಳಾಕ್ಕೈತಿ ಅಂತ."

"ಆಕಿ ಸಾಲಿ ಈಗರ ಎಲ್ಲಿ ಉದ್ಧಾರ ಆಗೇತಿ?"

ಒಳಗಿನಿಂದ ತಂಗಿ "ಆಯೀ!" ಎಂದಳು.

"ಬಿದ್ದು ಕಾಲು ಮುರಕೊಂಡ್ರ ನಾಳೆ ಲಗ್ನ ಹ್ಯಾಂಗ ಅಂತ."

"ಯಪ್ಪಾ, ನೀವು ಅನ್ನಾಕತ್ತಿದ್ದು ಯಾವುದೂ ನನ್ನ ಮಾತಲ್ಲ."

ಸರ್ ಲೋಟ ಕೆಳಗಿಟ್ಟರು. "ಹಂಗಾರ ನನಗ ಬರವಲ್ದು. ನೀವ ಹೇಳ್ರಿ."

ಆಯಿ ಸೆರಗು ಸರಿಮಾಡಿಕೊಂಡಳು. "ಎಪ್ಪತ್ತೆರಡರ ಬರದಾಗ ನಾ ಸಣ್ಣಾಕಿ. ನಮ್ಮವ್ವ ನಮ್ಮನ್ನ ಓಣ್ಯಾಗ ಆಡಾಕ ಬಿಡತಿರಲಿಲ್ಲ, ಕಟ್ಟಿ ಮ್ಯಾಲ ಕುಂಡ್ರಸತಿದ್ದಳು. ಯಾಕಂದ್ರ ಆಡಿ ಬಂದ ಕೂಸು ರೊಟ್ಟಿ ಬೇಡತೈತಿ. ಈಕಿ ಸೈಕಲ್ ಹೊಡದು ಬಂದ್ರ ಎಷ್ಟ ತಿಂತಾಳ ನನಗ ಗೊತ್ತೈತಿ. ಮನ್ಯಾಗ ಬಡಸತೇನಿ. ಪರಾ ಊರಾಗ ಎರಡನೇ ಸಲ ಕೈ ಚಾಚಿದ್ರ ಯಾರು ಬಡಸ್ತಾರ?"

ಬರಗಾಲದ ಈ ಮಾತನ್ನು ನಾನು ಅಂದಿನವರೆಗೆ ಆಯಿಯ ಬಾಯಲ್ಲಿ ಕೇಳಿರಲಿಲ್ಲ. ಯಾಕೆ ಬ್ಯಾಡ ಎಂದು ಅವಳನ್ನು ಯಾರೂ ವಿಚಾರಿಸಿಯೂ ಇರಲಿಲ್ಲ. ಫೋನು ತೆಗೆದು ಹಾಸ್ಟೆಲಿನ ಊಟದ ವಿವರ ತೋರಿಸಹೋದೆ: ಹಾಲು, ಚಪಾತಿ, ಕಾಳುಪಲ್ಯ.

"ಫೋನ್ಯಾಗಿನ ಹಾಲು ಯಾರ ಹೊಟ್ಟಿಗೆ ಹೋಗತೈತಿ ಬೇ? ಸುಮ್ಮ ಕುಂಡರು," ಎಂದಳು ಆಯಿ.

ಬಡಿಸುತ್ತಾರೆ ಎಂದು ಸರ್ ಭರವಸೆ ಕೊಡಲಿಲ್ಲ. "ನನಗೂ ಗೊತ್ತಿಲ್ಲರಿ ಆಯಿ. ರವಿವಾರ ಹೋಗಿ ನೋಡಿ ಬರೂಣು," ಎಂದರು.

ಹೇಳದೆ ಕೇಳದೆ, ಊಟದ ಹೊತ್ತಿಗೆ ಸರಿಯಾಗಿ ಬಸ್ಸಿನಲ್ಲಿ ಹೋದೆವು. ವಾರ್ಡನ್ ಮೊದಲು ಬಿಗಿಯಾದರು, ಆಮೇಲೆ ಸರ್ ಕಿವಿ ನೋಡಿ "ಪೈಲ್ವಾನ್ರೇನ್ರಿ?" ಎಂದು ಸಡಿಲಾದರು. ಆಯಿ ಹುಡುಗಿಯರ ಪಂಕ್ತಿಯಲ್ಲೇ ಕೂತು ಉಂಡಳು. ತನ್ನ ತಾಟನ್ನು ನೋಡಲಿಲ್ಲ, ಅಡುಗೆಯಾಕೆಯ ಮುಖ ನೋಡುತ್ತಿದ್ದಳು. ಕಡ್ಡಿಯಂಥ ಒಬ್ಬ ಹುಡುಗಿ ಮತ್ತೆ ಕೈ ಎತ್ತಿದಳು. ಅಡುಗೆಯಾಕೆ ಪಲ್ಯ ಸುರಿದು, "ನೀ ಹಿಂಗ ತಿಂದ್ರ ಸೈಕಲ್ ನಿನ್ನ ಹೊರತೈತೇನ ಯವ್ವಾ!" ಎಂದು ನಗುತ್ತಲೇ ಇನ್ನೊಂದು ರೊಟ್ಟಿ ಹಾಕಿ ಮುಂದೆ ಹೋದಳು. ಆಯಿ ಕೈ ತೊಳೆದುಕೊಂಡು ಬಂದು "ಕಳಸೂಣು," ಎಂದಳು. ಅಷ್ಟೇ.

ಮರಳುವಾಗ ಬಸ್ಸಿನಲ್ಲಿ ನಾನು ಸುಮ್ಮನಿರಲಿಲ್ಲ. "ಸರ್, ಒಬ್ಬ ಮುದುಕಿಯಿಂದ ಚೀನಾ ಸಾಬೀತಾಗಂಗಿಲ್ಲ."

"ಆಗಂಗಿಲ್ಲ. ನಿನ್ನ ತಂಗಿ ಹೋಗ್ತಾಳಲ್ಲ," ಎಂದು ಅವರು ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದರು.

ಅವರ ಸಿದ್ಧಾಂತವನ್ನು ನಾನು ಈಗಲೂ ಒಪ್ಪುವುದಿಲ್ಲ. ಒಂದು ನಾಡಿನ ಇಷ್ಟು ದೊಡ್ಡ ಸ್ವಭಾವಕ್ಕೆ ಒಂದೇ ಕಾರಣ ಸಾಲದು. ಪರೀಕ್ಷೆಯ ಪದ್ಧತಿ, ಮೇಲುಕೀಳು, ಸರಕಾರದ ಲೆಕ್ಕಾಚಾರ ಎಲ್ಲ ಸೇರಬೇಕು. ಇದನ್ನು ಅವರಿಗೆ ಹಲವು ಸಲ ಹೇಳಿದ್ದೇನೆ. ಆದರೆ ಅಡ್ಡ ನಿಂತವರ ಮಾತು ಏನಿರಬಹುದು ಎಂದು ಊಹಿಸುವುದಕ್ಕೂ ಕೂತು ಕೇಳುವುದಕ್ಕೂ ಇರುವ ಅಂತರವನ್ನು ನನಗೆ ತೋರಿಸಿದವರು ಅವರೊಬ್ಬರೇ.

ಕಳೆದ ಚಳಿಗಾಲದಲ್ಲಿ ಎದೆನೋವೆಂದು ಮಲಗಿದ ಸರ್ ಮತ್ತೆ ಏಳಲಿಲ್ಲ. ಆಯಿ ತಾನೂ ಬರುವೆನೆಂದು ಹಟ ಹಿಡಿದು ಅವರ ಹಳ್ಳಿಗೆ ಮಣ್ಣಿಗೆ ಬಂದಳು. ತಂಗಿ ಅಂದು ಬೇರೆ ಜಿಲ್ಲೆಯಲ್ಲಿ ಓಟದಲ್ಲಿದ್ದಳು. ಓಟ ಮುಗಿದ ಮೇಲೆ ಸುದ್ದಿ ಮುಟ್ಟಿ, ಸಂಜೆ ಟ್ರ್ಯಾಕ್‌ಸೂಟಿನಲ್ಲೇ ನೇರ ಅಲ್ಲಿಗೆ ಬಂದಳು. ಮಣ್ಣು ಮುಗಿದಿತ್ತು. "ಮೊದಲ ಗೊತ್ತಾಗಿದ್ರ ನಡುವ ಬಿಟ್ಟು ಬರತಿದ್ದೆ," ಎಂದು ಆಯಿಯ ಪಕ್ಕ ಕುಸಿದಳು.

ತಂಗಿ ಹಾಸ್ಟೆಲಿಗೆ ಹೋದಾಗಿನಿಂದ ಆಯಿ ಫೋನಿನಲ್ಲಿ ಅವಳನ್ನು ಕೇಳುತ್ತಿದ್ದುದು ಒಂದೇ: ಏನು ಉಂಡೆ? ಪದಕ ಗೆದ್ದ ದಿನವೂ ಅದೇ. ತಂಗಿಗೆ ಇದರಿಂದ ಸಿಟ್ಟು ಬರುತ್ತಿತ್ತು.

ಆಯಿ ಅವಳ ಕೈ ಹಿಡಿದುಕೊಂಡಳು. ಆಮೇಲೆ, "ಬಿಟ್ಟು ಬರಲಿಲ್ಲ, ಛಲೋ ಆತು. ಎಷ್ಟನೇದಾಕಿ ಬಂದಿ?" ಎಂದು ಕೇಳಿದಳು.

ತಂಗಿ ತಲೆ ಎತ್ತಿ ಆಯಿಯನ್ನೇ ನೋಡಿದಳು.

"ಮೂರನೇದಾಕಿ, ಆಯಿ."