ಮಡಿಕೆಗೊಂದು ಸಾಲು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷ ಬಟ್ಟೆ ಒಗೆದು, ಇಸ್ತ್ರಿ ಹಾಕಿ, ಮಡಿಸಿದ ಹೆಂಗಸನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಆಪರೇಷನ್ ಕೋಣೆಯ ಹಸಿರು ಬಟ್ಟೆಯನ್ನು, ಒಂದೇ ಕೈಯಲ್ಲಿ ಕೊಡವಿದರೆ ಬಿಚ್ಚಿಕೊಳ್ಳುವಂತೆ ಮಡಿಸುವುದು ಆ ಕಟ್ಟಡದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಒಂದು ದಿನ ಮೇಲಿನವರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಎರಡು ವರ್ಷದೊಳಗೆ ಹೈಸ್ಕೂಲು ಪಾಸಾಗದವರು ಆಮೇಲೆ ಕೆಲಸದಲ್ಲಿರುವಂತಿಲ್ಲ ಎಂದು ಗೋಡೆಗೆ ಕಾಗದ ಅಂಟಿಸಿದರು. ಹೆಣಕ್ಕೆ ಹೊದಿಸುವ ಬಟ್ಟೆ ಒಗೆಯುವುದಕ್ಕೂ ಸರ್ಟಿಫಿಕೇಟು ಬೇಕಂತೆ!

ಮನೆಯಲ್ಲಿ ಇದ್ದವರು ಇಬ್ಬರೇ: ಅಕ್ಕ, ಮತ್ತು ತೀರಿಹೋದ ಗಂಡನ ತಂಗಿ. ನಾದಿನಿಗೆ ಕಾಲು ಸ್ವಾಧೀನವಿರಲಿಲ್ಲ. ಓದಿದವಳು, ಕೂತಲ್ಲೇ ನಾಲ್ಕು ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಆದರೆ ಊಟ, ಔಷಧಿ, ಬಾಡಿಗೆ ಎಲ್ಲ ಸಾಗುತ್ತಿದ್ದುದು ಅಕ್ಕನ ಸಂಬಳದಲ್ಲಿ.

ಅಕ್ಕ ಪರೀಕ್ಷೆಗೆ ಕಟ್ಟಿದಳು. ಉಳಿದ ವಿಷಯಗಳು ಹೇಗೋ ದಡ ಸೇರಿದವು. ಇಂಗ್ಲಿಷು ಮಾತ್ರ ಕಬ್ಬಿಣದ ಕಡಲೆ. ಎರಡು ಸಲ ಡುಮ್ಕಿ ಹೊಡೆದಳು. ಮೂರನೆಯದೇ ಕೊನೆಯ ಅವಕಾಶ.

"ಅತ್ತಿಗೆ, ನಿಮಗೆ ತಲೇಲಿ ನಿಲ್ಲಲ್ಲ, ಕೈಲಿ ನಿಲ್ಲತ್ತೆ," ಎಂದಳು ನಾದಿನಿ. "ಒಂದು ಮಡಿಕೆಗೆ ಒಂದು ಸಾಲು. ಮಡಿಸ್ತಾ ಹೇಳ್ಕೊಳ್ತಾ ಹೋಗಿ."

ಉಪಾಯ ಫಲಿಸಿತು. ದಿಂಬಿನ ಕವರಿಗೆ ಪದ್ಯ, ಚಾದರಕ್ಕೆ ಪತ್ರಲೇಖನ, ಹಸಿರು ಬಟ್ಟೆಗೆ 'ನನ್ನ ಬದುಕಿನ ಗುರಿ' ಎಂಬ ಪ್ರಬಂಧ. ಗೈಡಿನ ಪ್ರಕಾರ ಆ ಗುರಿ ಡಾಕ್ಟರಾಗುವುದು. ನಲವತ್ತಾರರ ಹೆಂಗಸು ಹಬೆಯಲ್ಲಿ ಬೆವರು ಸುರಿಸುತ್ತ, ತಾನು ಡಾಕ್ಟರಾಗಿ ಬಡವರ ಸೇವೆ ಮಾಡುವೆನೆಂದು ಇಂಗ್ಲಿಷಿನಲ್ಲಿ ಹೇಳಿಕೊಳ್ಳುವುದನ್ನು ಕೇಳಿ ಪಕ್ಕದ ಮೇಜಿನವಳು, "ಡಾಕ್ಟ್ರೇ, ನನ್ನ ಸೊಂಟಾನೂ ಒಂಚೂರು ನೋಡಿ," ಎನ್ನುತ್ತಿದ್ದಳು. ಸಂಜೆ ನಾದಿನಿ ಪ್ರತಿ ಪದದ ಅರ್ಥ ಬಿಡಿಸಿ ಹೇಳುತ್ತಿದ್ದಳು. ತಿಂಗಳುಗಳು ಕಳೆದಂತೆ ಅಕ್ಕನಿಗೆ ಔಷಧಿ ಬಾಟಲಿಯ ಮೇಲಿನ ಬರಹವೂ ತಿಳಿಯತೊಡಗಿತು.

ಪರೀಕ್ಷೆಯ ದಿನ ಅದೇ ಪದ್ಯ, ಅದೇ ಪ್ರಬಂಧ ಬಂದವು. ಪೆನ್ನು ಹಿಡಿದರೆ ಒಂದಕ್ಷರವೂ ನೆನಪಿಲ್ಲ! ಅರ್ಧ ಗಂಟೆ ಪ್ರಶ್ನೆಪತ್ರಿಕೆಯನ್ನೇ ನೋಡುತ್ತ ಕೂತಳು. ಕೊನೆಗೆ ಕೈ ತಾನಾಗಿಯೇ ಹಾಳೆಯೊಂದನ್ನು ಎಳೆದು ಮಡಿಸಿತು. ಮೊದಲ ಸಾಲು ಬಂತು. ಇನ್ನೊಂದು ಮಡಿಕೆ, ಇನ್ನೊಂದು ಸಾಲು. ಪ್ರಶ್ನೆಪತ್ರಿಕೆಯನ್ನು ಮಡಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವಳ ಗ್ರಹಚಾರ, ಮಡಿಸಿದ್ದು ಉತ್ತರದ ಹಾಳೆಗಳನ್ನು. ಮುಗಿದ ಮೇಲೆ ಒಂಬತ್ತು ಹಾಳೆಗಳನ್ನೂ ಅಂಗೈಯಿಂದ ಒತ್ತಿ ನೀಟಾಗಿ ಸಮ ಮಾಡಿ ಕೊಟ್ಟು ಬಂದಳು.

ಫಲಿತಾಂಶ ತಡೆಹಿಡಿಯಲಾಗಿದೆ ಎಂದು ಬಂತು. ಪರೀಕ್ಷಾ ಮಂಡಳಿಯ ಕಚೇರಿಗೆ ಹೋದಳು. ಹಾಳೆ ಮಡಿಸುವುದೆಂದರೆ, ಇದು ಯಾರ ಉತ್ತರ ಎಂದು ಮೌಲ್ಯಮಾಪಕರಿಗೆ ಗುಟ್ಟಾಗಿ ಗುರುತು ಕೊಟ್ಟಂತೆ ಎಂದು ಅಲ್ಲಿನ ಅಧಿಕಾರಿ ಹೇಳಿದರು.

"ಯಾರಿಗಮ್ಮ ಗುರುತು ಮಾಡಿದ್ದು?"

ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ನಕ್ಕು ಒಂದು ಬಿಳಿ ಹಾಳೆ ಕೊಟ್ಟರು. ಅಕ್ಕ ಮಡಿಸುತ್ತ ಮಡಿಸುತ್ತ ಇಡೀ ಪ್ರಬಂಧವನ್ನು ತಡವರಿಸದೆ ಒಪ್ಪಿಸಿದಳು. ಅವರ ನಗು ನಿಂತಿತು.

"ನಂಗೆ ನಂಬಿಕೆ ಬಂತಮ್ಮ," ಎಂದು ಇಂಗ್ಲಿಷಿನಲ್ಲಿ ಏನೋ ಟೈಪು ಮಾಡಿ ಮುಂದಿಟ್ಟರು. "ಸಹಿ ಹಾಕಿ. ಓದಿ ಹೇಳ್ಲಾ?"

"ಬೇಡ ಸಾರ್."

ಬೆರಳಿಟ್ಟು ತಾನೇ ಓದಿದಳು. ಹಾಳೆಗಳನ್ನು ಮಡಿಸಿದ್ದು ತಾನೇ ಎಂದು ಅಭ್ಯರ್ಥಿ ಒಪ್ಪಿಕೊಂಡಿದ್ದಾಳೆ, ಆದ್ದರಿಂದ ಪರೀಕ್ಷೆ ರದ್ದು. ಒಂದು ಪದವೂ ತೊಡಕಾಗಲಿಲ್ಲ.

"ನೀವು ನಂಬಿದ್ರಲ್ಲ ಸಾರ್?"

"ನಂಬಿದೆ. ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲಮ್ಮ."

ಸಹಿ ಹಾಕಿದಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ, ತನ್ನ ಉಪಾಯವೇ ಅತ್ತಿಗೆಗೆ ಮುಳುವಾಯಿತು ಎಂದು ನಾದಿನಿಗೆ ತಿಳಿಯಬಾರದು.

"ಏನಂದ್ರು ಅತ್ತಿಗೆ?"

"ಫೇಲ್ ಕಣೆ. ಬರೆದಿದ್ದೆಲ್ಲ ತಪ್ಪಂತೆ."

ನಾದಿನಿ ಗೈಡನ್ನು ಎಳೆದುಕೊಂಡು ಹಾಳೆ ತಿರುವಿದಳು. ಆಮೇಲೆ ಮುಖ ಮುಚ್ಚಿಕೊಂಡು, "ನಾನೇ ತಪ್ಪು ಹೇಳಿಕೊಟ್ಟೆ ಅನ್ಸತ್ತೆ," ಎಂದು ಅತ್ತಳು.