ನನ್ನನ್ನೇ ಕೇಳಿ

ಮೊದಲು ಗಮನಿಸಿದವಳು ಮಾದಿ.

ಆ ದಿನ ನಾನು ಎಂದಿನ ಹಾಗೆ ಡಾಕ್ಟರ ಮೇಜಿನ ಪಕ್ಕದಲ್ಲಿ ನಿಂತಿದ್ದೆ. ಮಾದಿ ರೋಗಿಗಳ ಸ್ಟೂಲಿನ ಮೇಲೆ ಕೂತಿದ್ದಳು. ಗುಳಿಗೆಯನ್ನು ಊಟವಾದ ಮೇಲೆ ನುಂಗಬೇಕು, ಬರಿಹೊಟ್ಟೆಯಲ್ಲಿ ಬೇಡ ಎಂದು ಡಾಕ್ಟರು ಮಲಯಾಳದಲ್ಲಿ ಹೇಳಿದರು. ನಾನು ಮಾದಿಯ ಕಡೆ ತಿರುಗಿ ಅದನ್ನು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅಕ್ಕೋ, ಅದ್ನ ಡಾಕ್ಟ್ರೇ ಹೇಳ್ಬುಟ್ರಲ್ಲ. ನೀ ನಮ್ ಮಾತಲ್ಲಿ ಹೇಳು."

ನಾನು ಮಲಯಾಳವನ್ನು ಮಲಯಾಳದಲ್ಲೇ ಹೇಳಿದ್ದೆ.

ಡಾಕ್ಟರು ನಕ್ಕರು. ನರ್ಸ್ ನಕ್ಕಳು. ಬೆಳಿಗ್ಗೆ ಚಹಾ ಕುಡಿದಿಲ್ಲ, ಅದಕ್ಕೇ ಹೀಗೆ ಎಂದು ನಾನೂ ನಕ್ಕೆ. ಚಹಾ ಕುಡಿದಿದ್ದೆ.

ನನ್ನ ಕೆಲಸವೇ ಅದಾಗಿತ್ತು. ಗಡಿಯ ಪಕ್ಕದ ಮುತ್ತಂಗ, ಪೊನ್ಕುಳಿಯ ಸುತ್ತಲಿನ ಕಾಡಿನ ಹಾಡಿಗಳಿಂದ ಬರುವ ವಯಸ್ಸಾದವರು ಸಂತೆಯಲ್ಲಿ, ಬಸ್ಸಿನಲ್ಲಿ ಮಲಯಾಳ ಆಡುತ್ತಾರೆ. ನೋವನ್ನು ಹೇಳಬೇಕಾದಾಗ ಮಾತ್ರ ಅವರಿಗೆ ಮನೆಮಾತಾದ ಕನ್ನಡವೇ ಬೇಕು. ಡಾಕ್ಟರು ಬೇರೆ ಜಿಲ್ಲೆಗಳಿಂದ ಬರುವವರು, ಅವರಿಗೆ ಕನ್ನಡ ಬಾರದು. ನಾನು ಏಳನೇ ಕ್ಲಾಸಿನವರೆಗೆ ಗುಂಡ್ಲುಪೇಟೆಯ ಅಜ್ಜಿಯ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ಓದಿದವಳು, ಆಮೇಲೆ ಇಲ್ಲಿಗೆ ಬಂದು ಮಲಯಾಳದಲ್ಲಿ ಹತ್ತನೇ ಕ್ಲಾಸು ಮುಗಿಸಿದವಳು. ಹಾಗಾಗಿ ಹೊರರೋಗಿಗಳನ್ನು ನೋಡುವ ಒಪಿ ದಿನಗಳಲ್ಲಿ ಆಸ್ಪತ್ರೆಗೆ ಹೋಗಿ, ಆ ಕಡೆಯ ಮಾತನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ದಾಟಿಸುತ್ತಿದ್ದೆ. ಔಷಧಿಯ ಕವರಿನ ಮೇಲೆ ಬೆಳಿಗ್ಗೆ, ರಾತ್ರಿ ಎಂದು ಕನ್ನಡದಲ್ಲಿ ಬರೆದು ಕೊಡುತ್ತಿದ್ದೆ.

ಮಾದಿ ಹೇಳಿದ ಮೇಲೂ ಬಹಳ ಕಾಲ ಯಾರಿಗೂ ಏನೂ ತಿಳಿಯಲಿಲ್ಲ. ಅದಕ್ಕೆ ಕಾರಣ ನಮ್ಮ ಊರೇ. ನಾನು ಡಾಕ್ಟರಿಗೆ ಕನ್ನಡದಲ್ಲಿ ಹೇಳಿಬಿಟ್ಟರೆ, ರೋಗಿಯನ್ನು ಏನೋ ಕೇಳುತ್ತಿದ್ದಾಳೆ ಎಂದುಕೊಂಡು ಅವರು ಕಾಯುತ್ತಿದ್ದರು. ರೋಗಿಗೆ ಮಲಯಾಳದಲ್ಲಿ ಹೇಳಿದರೆ, ಡಾಕ್ಟರ ಜೊತೆ ಮಾತು ಇನ್ನೂ ಮುಗಿದಿಲ್ಲವೆಂದು ಅವರೂ ಕಾಯುತ್ತಿದ್ದರು. ಎರಡು ಭಾಷೆ ಕಲಸಿಕೊಂಡೇ ಮಾತಾಡುವ ಕಡೆ, ಕಲಸಿದ್ದು ಎಲ್ಲಿ ಕೆಟ್ಟಿತು ಎಂದು ಹುಡುಕುವವರು ಯಾರು?

ನನಗೆ ಮಾತ್ರ ತಿಳಿಯುತ್ತಿತ್ತು. ಮಂಡಿಯನ್ನು ಮುಟ್ಟಿ ತೋರಿಸುತ್ತಿದ್ದೆ, ಹೆಸರು ಬರುತ್ತಿರಲಿಲ್ಲ. ಆಮೇಲೆ ಕೈಯೂ ತಪ್ಪಲು ಶುರು ಮಾಡಿತು. ಒಮ್ಮೆ ಔಷಧಿ ಕೊಡುವ ಕಿಟಕಿಯ ಎದುರು ಕವರಿನ ಮೇಲೆ ರಾತ್ರಿ ಎಂದು ಬರೆಯಲು ಹೋದೆ. ಮೊದಲ ಅಕ್ಷರ ಬಂತು. ಅದನ್ನೇ ಮತ್ತೆ ಬರೆದೆ. ಮತ್ತೆ ಅದನ್ನೇ. ಮುಂದಿನ ಅಕ್ಷರದ ರೂಪ ಕಣ್ಣಮುಂದೆ ಇತ್ತು. ಕೈ ಅಲ್ಲಿಗೆ ಹೋಗುತ್ತಿರಲಿಲ್ಲ. ನನ್ನ ಹಿಂದೆ ಜನ ನಿಂತಿದ್ದರು. ಪೆನ್ನು ಸರಿಯಿಲ್ಲ ಎಂದು ಹೇಳಿ ಇನ್ನೊಂದು ಪೆನ್ನು ಕೇಳಿ ಪಡೆದೆ.

ಆ ಪೆನ್ನಿನಲ್ಲೂ ಬರಲಿಲ್ಲ.

ಆ ದಿನವೇ ಡಾಕ್ಟರಿಗೆ ಹೇಳಿದೆ: ಇನ್ನು ನಾನು ಔಷಧಿಯ ವಿಷಯ ಹೇಳುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ. ಯಾರೂ ನನ್ನನ್ನು ಬಿಡಿಸಲಿಲ್ಲ. ನಾನೇ ಬಿಟ್ಟೆ. ನನ್ನ ತಪ್ಪಿನಿಂದ ಒಬ್ಬರ ಹೊಟ್ಟೆಗೆ ಬೇಡದ ಗುಳಿಗೆ ಹೋಗಬಾರದು. ಡಾಕ್ಟರು ಕಲ್ಲಿಕೋಟೆಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ನನ್ನ ಯಜಮಾನರು ಪುಟ್ಟಸ್ವಾಮಿ ಶುಂಠಿ, ಮೆಣಸು ಬೆಳೆಯುವವರು. ಹೆಚ್ಚು ಮಾತಿನವರಲ್ಲ. ನೆಂಟರ ಮನೆಗೆ ಹೋದರೆ ಕೂತ ಕಡೆಯಿಂದ ಹೂಂ ಎನ್ನುವುದೇ ಅವರ ಮಾತು. ಅಂಥವರು ಕಲ್ಲಿಕೋಟೆಯಲ್ಲಿ ಬಾಯಿ ತೆರೆದವರು ಮುಚ್ಚಲೇ ಇಲ್ಲ.

ರಕ್ತ ಪರೀಕ್ಷೆ, ಥೈರಾಯ್ಡ್, ಎಂಆರ್‌ಐ ಎಲ್ಲ ಆದ ಮೇಲೆ ಟೆಸ್ಟ್ ಮಾಡುವ ಕೋಣೆಗೆ ಕಳಿಸಿದರು. ಅಲ್ಲಿದ್ದದ್ದು ಒಬ್ಬಳು ಚಿಕ್ಕ ವಯಸ್ಸಿನ ಸೈಕಾಲಜಿಸ್ಟ್. ಒಳ್ಳೆಯ ಹುಡುಗಿ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೋ ಹೇಳಿ ಎಂದಳು. ಕಾಡಿನ ಪಕ್ಕದಲ್ಲಿ ಹುಟ್ಟಿದವಳಿಗೆ ಇದೇನು ಪ್ರಶ್ನೆ ಎಂದುಕೊಂಡೆ. ಆನೆ, ಕರಡಿ ಎಂದಾಗ ಅವಳ ಪೆನ್ನು ಓಡಿತು, ಮಲಯಾಳದಲ್ಲೂ ಅವು ಹೆಚ್ಚುಕಡಿಮೆ ಹಾಗೇ. ಸೀಳುನಾಯಿ, ಕಡವೆ, ಮುಸುವ ಎಂದಾಗ ಪೆನ್ನು ನಿಂತಿತು.

"ಯಾಕೆ ಬರೀಲಿಲ್ಲ, ಮೋಳೇ?" ಎಂದು ಕೇಳಿದೆ. ಮಗಳೇ ಎಂದು ಇಲ್ಲಿ ಕರೆಯುವುದು ಹಾಗೆ.

"ಅದು ಯಾವ ಭಾಷೆ, ಅಮ್ಮೇ?"

"ಕನ್ನಡ. ಬರ್ಕೋ. ನಾಲ್ಕು ಕಾಲಿಂದೇ ಹೇಳಿದ್ದೀನಿ."

ಅವಳ ಮುಖ ಕೆಂಪಾಯಿತು. ಒಂದೊಂದನ್ನೂ ಮತ್ತೆ ಕೇಳಿ ಬರೆದುಕೊಂಡಳು. ಅವನ್ನೆಲ್ಲ ಸೇರಿಸಿದರೂ ಲೆಕ್ಕ ಕಡಿಮೆಯೇ ಬಂತು. ಅದನ್ನೂ ಇಲ್ಲಿ ಹೇಳಬೇಕು. ಕಾಯಿಲೆ ಎರಡು ಭಾಷೆಯಲ್ಲೂ ಇತ್ತು.

ಆಮೇಲೆ ಕಾಗದ ಕೊಟ್ಟು, ನಿಮಗೆ ತೋಚಿದ ಒಂದು ವಾಕ್ಯ ಬರೆಯಿರಿ ಎಂದಳು. ನಾನು ಬರೆಯಲು ಕೂತಾಗ ಅವಳು ಯಜಮಾನರ ಕಡೆ ತಿರುಗಿದಳು. ಇವರು ಗ್ಯಾಸ್ ಆರಿಸಲು ಮರೆಯುತ್ತಾರಾ? ದಾರಿ ತಪ್ಪುತ್ತಾರಾ? ಸಿಟ್ಟು ಬರುತ್ತದಾ? ಯಜಮಾನರು ಒಂದಕ್ಕೆ ಮೂರು ಸೇರಿಸಿ ಉತ್ತರಿಸುತ್ತಿದ್ದರು. ಅವಳು ಹಾಗೆ, ಅವಳು ಹೀಗೆ. ನಾನು ಕಾಗದದ ಮೇಲೆ ಬರೆದದ್ದು: ನಾನು ಇಲ್ಲೇ ಇದ್ದೇನೆ. ಮೊದಲೆರಡು ಪದ ಕನ್ನಡದಲ್ಲಿ ಬಂದವು. ಮೂರನೆಯದಕ್ಕೆ ಕೈ ತಾನಾಗಿ ಮಲಯಾಳದ ಲಿಪಿಗೆ ಹೋಯಿತು. ಹುಡುಗಿಗೆ ಅದು ಪೂರ್ತಿ ಓದಲು ಆಗಲಿಲ್ಲ. ಫೈಲಿನಲ್ಲಿಟ್ಟಳು.

ನ್ಯೂರಾಲಜಿಸ್ಟ್ ರಿಪೋರ್ಟ್ ನೋಡಿ ಯಜಮಾನರಿಗೆ ಹೇಳಿದರು: "ಡಿಮೆನ್ಷಿಯಾ. ಅರ್ಲಿ ಸ್ಟೇಜ್. ಇವರಲ್ಲಿ ಭಾಷೆಯ ಕಡೆಯಿಂದ ಶುರುವಾಗಿದೆ."

ಯಜಮಾನರಿಗೆ ಹೇಳಿದರು. ನನಗಲ್ಲ.

ಆ ಡಾಕ್ಟರು ಕೆಟ್ಟವರಲ್ಲ. ಗುಳಿಗೆಯಿಂದ ವಾಸಿಯಾಗುವುದಿಲ್ಲ, ಸ್ವಲ್ಪ ನಿಧಾನವಾಗಬಹುದು ಎಂದು ಬಿಡಿಸಿ ಹೇಳಿದರು. ಮನೆಯಲ್ಲಿ ಒಂದೇ ಭಾಷೆ ಇಟ್ಟುಕೊಂಡರೆ ಇವರಿಗೆ ಸುಲಭವಾಗಬಹುದು ಎಂದೂ ಹೇಳಿದರು. ಯಜಮಾನರು ತಲೆಯಾಡಿಸಿದರು. ನನ್ನ ಬಾಯಲ್ಲಿ ಉತ್ತರ ಇತ್ತು. ಅದು ಹೊರಗೆ ಬರುವಷ್ಟರಲ್ಲಿ ನಾವು ಬಸ್ ಸ್ಟ್ಯಾಂಡಿನಲ್ಲಿದ್ದೆವು.

"ಎರಡೂ ನನ್ನವು," ಎಂದೆ ಬಸ್ಸಿಗೆ ಕಾಯುತ್ತಾ. "ಎರಡ್ರಲ್ಲೂ ಎಷ್ಟು ಉಳಿದದೋ ಅಷ್ಟೂ ನಂದೇ. ಒಂದ್ನೂ ಬಿಡಕ್ಕಿಲ್ಲ."

"ಯಾರು ಬಿಡು ಅಂದ್ರು?" ಎಂದರು ಯಜಮಾನರು. ಡಾಕ್ಟರು ಹೇಳಿದ್ದನ್ನು ಅವರು ಆಗಲೇ ಮರೆತಿದ್ದರು. ಕಾಯಿಲೆ ನನಗೆ.

ಮನೆಗೆ ಬಂದ ಮೇಲೆ ಜಗಳವಾಯಿತು. ನನ್ನ ಕೆಲಸದಲ್ಲಿ ನಾನೊಂದು ಕ್ರಮ ಇಟ್ಟುಕೊಂಡಿದ್ದೆ. ಮಾದಿಗೆ ಹೊಟ್ಟೆನೋವು ಎಂದರೆ, ಡಾಕ್ಟರಿಗೆ ನಾನು ಇವಳಿಗೆ ನೋವಂತೆ ಎನ್ನುತ್ತಿರಲಿಲ್ಲ. ಎನಿಕ್ಕು ಎಂದೇ ಶುರು ಮಾಡುತ್ತಿದ್ದೆ, ಅಂದರೆ ನನಗೆ ಎಂದು. ಮಾತು ಯಾರದೋ ಅವರದಾಗಿಯೇ ಹೋಗಬೇಕು. ಹೊಸದಾಗಿ ಬಂದ ಡಾಕ್ಟರೊಬ್ಬರು ನನ್ನನ್ನೇ ಮಂಚದ ಮೇಲೆ ಮಲಗಿ ಎಂದದ್ದೂ ಉಂಟು. ಮಾದಿ ಬಿದ್ದು ಬಿದ್ದು ನಕ್ಕಿದ್ದಳು.

"ನೀವು ಅವಳು ಅವಳು ಅಂದ್ರಿ," ಎಂದೆ ಯಜಮಾನರಿಗೆ. "ನಾನೇನು ಸಂತೆಗೆ ಹೊಡ್ಕೊಂಡು ಬಂದ ಹಸನಾ?"

"ನಿಂಗೆ ಮಾತು ಬರ್ತಿರ್ನಿಲ್ಲ. ಸಹಾಯ ಮಾಡ್ದೆ ಕಣೆ."

"ಬರ್ತಿತ್ತು. ನೀವು ಬರಕ್ಕೆ ಬಿಡ್ನಿಲ್ಲ."

ಅವರು ಎದ್ದು ಮೆಣಸಿನ ತೋಟಕ್ಕೆ ಹೋದರು. ತಿರುಗಿ ಬಂದು ಬಾಗಿಲಲ್ಲೇ ನಿಂತರು.

"ಹಂಗಾದ್ರೆ ನಾನೇನ್ ಮಾಡ್ಲಿ?"

"ಸುಮ್ಕಿರಿ."

"ಎಷ್ಟೊತ್ತು?"

"ಮಾತು ಬರೋ ಗಂಟ."

"ಬರ್ದೇ ಹೋದ್ರೆ?"

ಅಂಥ ದಿನ ಬರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಒಪ್ಪಂದವಾಯಿತು. ನಾನು ಅವರ ತೋಳು ಮುಟ್ಟಿದರೆ ಅವರು ಮಾತಾಡಬಹುದು. ಆದರೆ ಅವಳಿಗೆ ಅನ್ನದೆ, ನನಗೆ ಎಂದೇ ಮಾತಾಡಬೇಕು. ಒಮ್ಮೆ ಹೇಳಿ ನೋಡಿ ಎಂದೆ. ಅವರು ಗಂಟಲು ಸರಿ ಮಾಡಿಕೊಂಡು ನನಗೆ ಎಂದರು, ಅಲ್ಲೇ ನಿಂತರು.

"ನಂಗೆ ನಾಚ್ಕೆ ಆಯ್ತದೆ," ಎಂದರು.

ನಾವು ಅಡುಗೆಮನೆಯಲ್ಲಿ ನಿಂತು ನಕ್ಕೆವು. ಕಲ್ಲಿಕೋಟೆಯಿಂದ ಬಂದ ಮೇಲೆ ಅದೇ ಮೊದಲ ನಗು.

ನಾನು ಆಸ್ಪತ್ರೆಗೆ ಹೋಗುವುದನ್ನು ಬಿಟ್ಟಿಲ್ಲ. ಈಗ ಒಳಗೆ ಹೋಗುವುದಿಲ್ಲ, ಜಗಲಿಯ ಬೆಂಚಿನ ಮೇಲೆ ಕೂರುತ್ತೇನೆ. ಹಾಡಿಯಿಂದ ಬಂದವರು ತಮ್ಮ ಸರದಿ ಬರುವ ಮೊದಲು ಒಳಗೆ ಏನು ಹೇಳಬೇಕೆಂದು ನನ್ನ ಹತ್ತಿರ ಒಮ್ಮೆ ಹೇಳಿ ನೋಡಿಕೊಳ್ಳುತ್ತಾರೆ. ಹೊಸ ಹುಡುಗಿಯೊಬ್ಬಳು ಮಾತು ದಾಟಿಸುತ್ತಾಳೆ. ಅವಳಿಗೆ ಮಾತು ಸಾಲದೆ ಹೋದಾಗ ಮಾದಿ ಕೈಸನ್ನೆ ಮಾಡುತ್ತಾಳಂತೆ. "ಡಾಕ್ಟ್ರು ಮುಂದೆ ಕುಣ್ದಂಗಾಯ್ತದೆ ಕಣಕ್ಕ. ನೀ ಬೇಗ ಹುಷಾರಾಗು," ಎನ್ನುತ್ತಾಳೆ. ಹುಷಾರಾಗುವ ಕಾಯಿಲೆಯಲ್ಲ ಎಂದು ಅವಳಿಗೆ ಹೇಳಿದ್ದೇನೆ. "ಹಂಗಾದ್ರೆ ಹಿಂಗೇ ಬಾ," ಎಂದಳು.

ಬರೆಯುವುದನ್ನೂ ಬಿಟ್ಟಿಲ್ಲ. ಇದನ್ನು ಬರೆಯುತ್ತಿರುವುದು ನಾನೇ. ಬೆಳಗಿನ ಹೊತ್ತು ತಲೆ ತಿಳಿಯಾಗಿರುತ್ತದೆ, ಆಗ ಕೂರುತ್ತೇನೆ. ಕೆಲವು ದಿನ ಅರ್ಧ ಪುಟ. ಕೆಲವು ದಿನ ಒಂದು ಸಾಲು. ಕೈ ಮಲಯಾಳದ ಲಿಪಿಗೆ ಹೋದರೆ ಹೋಗಲಿ ಎಂದು ಬಿಡುತ್ತೇನೆ, ಮಾರನೆಯ ದಿನ ಕನ್ನಡಕ್ಕೆ ತರುತ್ತೇನೆ. ಪದ ಸಿಗದಿದ್ದರೆ ಜಾಗ ಬಿಟ್ಟು ಮುಂದೆ ಹೋಗುತ್ತೇನೆ. ಮೆಣಸು ಕೊಯ್ಯಲು ಮರಕ್ಕೆ ಒರಗಿಸುತ್ತಾರಲ್ಲ, ಬಿದಿರಿನದು, ಅದರ ಹೆಸರು ಒಂದು ಬೆಳಿಗ್ಗೆ ಪೂರ್ತಿ ಸಿಗಲಿಲ್ಲ. ಯಜಮಾನರು ಹೇಳಲು ಬಂದರು. ಬೇಡ ಎಂದೆ. ಮಧ್ಯಾಹ್ನ ಕೋಳಿಗಳಿಗೆ ಅಕ್ಕಿ ಹಾಕುವಾಗ ತಾನಾಗಿ ಬಂತು. ಏಣಿ. ಕೈಯಲ್ಲಿದ್ದ ಅಕ್ಕಿ ಬಿಟ್ಟು ಓಡಿ ಬಂದು ಬರೆದೆ.

ಕಳೆದ ವಾರ ಕಲ್ಲಿಕೋಟೆಯಲ್ಲಿ ರಿವ್ಯೂ ಇತ್ತು.

ಡಾಕ್ಟರು ಫೈಲು ತೆರೆದು ಯಜಮಾನರನ್ನು ನೋಡಿ ಕೇಳಿದರು: "ಹೇಗಿದ್ದಾರೆ?" ಯಜಮಾನರು ಗೋಡೆಯ ಕ್ಯಾಲೆಂಡರನ್ನು ನೋಡಿದರು. "ನಿದ್ದೆ ಮಾಡುತ್ತಾರಾ?" ಯಜಮಾನರು ಕ್ಯಾಲೆಂಡರನ್ನೇ ನೋಡುತ್ತಿದ್ದರು. ಅವರ ದವಡೆ ಅಲುಗುತ್ತಿತ್ತು. ನಾನು ಮೇಜಿನ ಮೇಲೆ ಕೈ ಇಟ್ಟೆ.

"ಸಾರೇ, ನನ್ನನ್ನೇ ಕೇಳಿ."

ಅದು ಕನ್ನಡದಲ್ಲಿ ಬಂತು. ಮತ್ತೊಮ್ಮೆ ಮಲಯಾಳದಲ್ಲಿ ಹೇಳಿದೆ. ಡಾಕ್ಟರು ಕುರ್ಚಿ ತಿರುಗಿಸಿ ಕೇಳಿದರು: "ನಿದ್ದೆ ಬರುತ್ತದಾ?"

"ಇಲ್ಲ," ಎಂದೆ. ಮುಂದಿನದು ಬರಲಿಲ್ಲ. ನರ್ಸ್ ಬಾಗಿಲು ತೆರೆದು ಇಣುಕಿ ಮುಚ್ಚಿದಳು. ಹೊರಗೆ ಬಹಳ ಜನ ಇದ್ದರು. ನೋವಾ, ಹೆದರಿಕೆಯಾ ಎಂದು ಡಾಕ್ಟರು ಒಂದೊಂದೇ ಪದ ನನ್ನ ಮುಂದಿಟ್ಟರು. ನಾನು ಅಂಗೈ ಎತ್ತಿ ತಡೆದೆ. ನನ್ನ ಎಡಗೈಯ ಹತ್ತಿರವೇ ಯಜಮಾನರ ತೋಳು ಇತ್ತು. ಮುಟ್ಟಲಿಲ್ಲ.

"ಕಣ್ಣು ಮುಚ್ಚಿದರೆ... ಸಿನಿಮಾ," ಎಂದೆ. ಅದು ನಾನು ಹುಡುಕಿದ ಪದವಲ್ಲ. ಆದರೆ ಹತ್ತಿರದ್ದು. "ಗಲಾಟೆ ಸಿನಿಮಾ. ಎದ್ದರೂ ನಿಲ್ಲಲ್ಲ. ಗುಳಿಗೆ ಶುರು ಮಾಡಿದ ಮೇಲೆ."

ಡಾಕ್ಟರು ಪೆನ್ನು ತೆಗೆದುಕೊಂಡರು. ಈ ಗುಳಿಗೆಯಿಂದ ಕೆಲವರಿಗೆ ಹಾಗೆ ಕನಸು ಬೀಳುತ್ತದೆ, ರಾತ್ರಿ ಬೇಡ, ಬೆಳಿಗ್ಗೆ ತಿಂಡಿಯ ನಂತರ ತೆಗೆದುಕೊಳ್ಳಿ ಎಂದರು. ನನಗೆ ಹೇಳಿದರು. ನನ್ನ ನಿದ್ದೆಯೊಳಗೆ ಏನಿದೆ ಎಂದು ಬೇರೆ ಯಾರು ಹೇಳಿಯಾರು?

ಬೆಳಿಗ್ಗೆ ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ಕನಸು ಕಡಿಮೆಯಾಗಿದೆ. ಪದಗಳು ತಿರುಗಿ ಬಂದಿಲ್ಲ. ಬರುವುದೂ ಇಲ್ಲ. ಕೇಳಿಸಿಕೊಂಡ ಡಾಕ್ಟರ ಬಗ್ಗೆ, ಸುಮ್ಮನಿದ್ದ ಯಜಮಾನರ ಬಗ್ಗೆ ನನಗೆ ಕೃತಜ್ಞತೆ ಇದೆ. ಸುಮ್ಮನಿರುವುದು ಅವರಿಗೆ ಈಗ ಎಷ್ಟು ಕಷ್ಟ ಎಂದು ನಾನು ನೋಡಿದ್ದೇನೆ.

ಆ ದಿನ ವಾಪಸು ಬರುವಾಗ ಬಸ್ಸು ಘಾಟಿ ಹತ್ತಲು ಶುರು ಮಾಡಿತ್ತು. ಯಜಮಾನರು ಕಿಟಕಿಯ ಕಡೆ ನೋಡುತ್ತಲೇ ಕೇಳಿದರು.

"ಕನಸು ಬೀಳ್ತದೆ ಅಂತ ನಂಗ್ಯಾಕೆ ಹೇಳ್ನಿಲ್ಲ?"

"ನೀವು ಕೇಳ್ನಿಲ್ಲ."

"ಈಗ ಕೇಳ್ತಿವ್ನಿ. ರಾತ್ರಿ ಏನು ಬಿತ್ತು?"

"ನಿಮ್ಮವ್ವ ಬಂದಿದ್ರು. ಶುಂಠಿ ಮೂಟೆ ಮೇಲೆ ಕೂತ್ಕಂಡು ನಿಮ್ಮನ್ನ ಬೈತಿದ್ರು."

"ಏನಂತ?"

ಬಾಯಿ ತೆರೆದೆ. ಪದ ಇರಲಿಲ್ಲ. ಬಸ್ಸು ಒಂದು ತಿರುವು ಹತ್ತಿತು. ಯಜಮಾನರು ನನ್ನ ಮುಖ ನೋಡುತ್ತಾ ಕೂತಿದ್ದರು. ತಾಯಿ ತಮ್ಮನ್ನು ಏನೆಂದು ಬೈಯುತ್ತಿದ್ದರು ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ತುಟಿ ಒತ್ತಿ ಹಿಡಿದಿದ್ದರು. ಇನ್ನೊಂದು ತಿರುವು. ಎದುರಿನಿಂದ ಲಾರಿ ಬಂತು, ನಮ್ಮ ಬಸ್ಸು ನಿಂತು ದಾರಿ ಬಿಟ್ಟು ಮತ್ತೆ ಹೊರಟಿತು.

"ಸೋಮಾರಿ ಅಂತ," ಎಂದೆ.